ಬೆಲ್ ಇದ್ದ ಬಾಗಿಲು

ನನ್ನ ಅಣ್ಣನನ್ನು ಕಾರ್ಖಾನೆಯಲ್ಲಿ ಎಲ್ಲರೂ ಗುಂಡಣ್ಣ ಎನ್ನುತ್ತಿದ್ದರು. ಆಳು ಗುಂಡಗಿದ್ದ ಅಂತಲ್ಲ, ಒಣಕಲು ಕಡ್ಡಿ. ಜೇಬಿನಲ್ಲಿ ಸದಾ ಒಂದು ಉಕ್ಕಿನ ಗುಂಡು ಇರುತ್ತಿತ್ತು, ಅದಕ್ಕೆ. ಬಟ್ಟೆ ಒಗೆಯುವಾಗ ಅದು ಬಕೆಟ್ಟಿಗೆ ಬಿದ್ದು ಠಣ್ ಎಂದರೆ ಅತ್ತಿಗೆ ಒಳಗಿನಿಂದಲೇ ಕೂಗುತ್ತಿದ್ದಳು: "ನನ್ನ ಸವತಿ ಸಿಕ್ಕಿದ್ಲು, ಬಂದು ಕರ್ಕೊಂಡು ಹೋಗಿ."

ಅವನು ಪಿನ್‌ಬಾಲ್ ಯಂತ್ರಗಳ ಹಲಗೆ ರೂಪಿಸುತ್ತಿದ್ದ. ನಾನು ಅದೇ ಹಲಗೆಯ ಅಡಿಯಲ್ಲಿ ತಂತಿ ಬೆಸೆಯುತ್ತಿದ್ದೆ. ಗಾಜಿನ ಕೆಳಗೆ ಇಳಿಜಾರು ಹಲಗೆ, ಮೇಲಿನಿಂದ ಉರುಳಿ ಬರುವ ಗುಂಡು, ಅದನ್ನು ಮತ್ತೆ ಮೇಲಕ್ಕೆ ಹೊಡೆಯಲು ತಳದ ಎಡಬಲಕ್ಕೆ, ಬಟನ್ ಒತ್ತಿದರೆ ಮೇಲೇಳುವ ಎರಡು ರೆಕ್ಕೆ. ರೆಕ್ಕೆಗಳನ್ನು ದಾಟಿ ಕೆಳಗೆ ಜಾರಿದರೆ ಆಟ ಮುಗಿಯಿತು. ಇಷ್ಟಕ್ಕೆ ಜನ ಯಾಕೆ ಚಿಲ್ಲರೆ ಸುರಿಯುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅಣ್ಣನಿಗೆ ಆಗಿತ್ತು.

"ಸೋತೋನಿಗೆ ತಪ್ಪು ತನ್ನದೇ ಅನ್ನಿಸ್ಬೇಕು ಕಣೇ," ಎನ್ನುತ್ತಿದ್ದ. "ಯಂತ್ರದ ತಪ್ಪು ಅನ್ನಿಸ್ತೋ, ಒದ್ದು ಹೋಗ್ತಾನೆ. ತನ್ನದು ಅನ್ನಿಸ್ತೋ, ಇನ್ನೊಂದು ನಾಣ್ಯ ಹಾಕ್ತಾನೆ."

ಹೊಸ ಯಂತ್ರಕ್ಕೆ ಅವನು ಯೋಚಿಸಿದ್ದು ಒಂದು ಬಾಗಿಲು. ಬಲಗಡೆಯ ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಹಲಗೆಯ ಮೇಲ್ತುದಿಯಲ್ಲಿ ಅದು ತೆರೆದಿರುತ್ತದೆ. ಗುಂಡು ಒಳಹೊಕ್ಕರೆ ಅಂಕವೆಲ್ಲ ಇಮ್ಮಡಿ. ಆದರೆ ಅಷ್ಟೂ ಹೊತ್ತು ಬಲರೆಕ್ಕೆ ಎತ್ತಿಯೇ ಇರುವುದರಿಂದ ಹೊಡೆಯಲಾಗದು. ಆ ಕಡೆ ಕಾವಲೇ ಇಲ್ಲ. ಬಾಗಿಲ ಅಂಚಿಗೊಂದು ರಬ್ಬರ್ ತುಂಡು ಅಂಟಿಸಿ, ಗುಂಡು ಕೂದಲೆಳೆಯಲ್ಲಿ ತಪ್ಪಿಹೋಗುವ ಹಾಗೆ ಉಜ್ಜಿ ಉಜ್ಜಿ ಹದ ಮಾಡಿದ.

ಆಡಿಸಿ ನೋಡಲು ಅವನಿಗೆ ಅತ್ತಿಗೆಯೇ ಬೇಕು. ಊಟದ ಡಬ್ಬಿ ತಂದವಳನ್ನು ಹಿಡಿದು ಯಂತ್ರದ ಮುಂದೆ ನಿಲ್ಲಿಸುತ್ತಿದ್ದ. ಅವಳೋ, ಬೀದಿ ಪೂರಾ ಖಾಲಿಯಾಗದೆ ರಸ್ತೆ ದಾಟದ ಪುಕ್ಕಲಿ. "ಬಂದಷ್ಟು ಸಾಕು" ಎಂದುಕೊಂಡು ಟಕ್ ಟಕ್ ಆಡುವಳೇ ಹೊರತು ಬಾಗಿಲಿನ ತಂಟೆಗೇ ಹೋಗುತ್ತಿರಲಿಲ್ಲ. ಇವಳು ಒಪ್ಪಿದರೆ ಊರೇ ಒಪ್ಪುತ್ತದೆ ಎಂದು ಅಣ್ಣ ಹಟಕ್ಕೆ ಬಿದ್ದ. ಅಂಕ ಏರಿಸಿದ, ಬಣ್ಣದ ದೀಪ ಹಾಕಿದ. ಅವಳು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಮೂಲೆ ಸೇರಿದ್ದ ತನ್ನ ಸೈಕಲ್ಲಿನ ಬೆಲ್ ಬಿಚ್ಚಿ ಬಾಗಿಲ ಹಿಂದೆ ಕೂರಿಸಿ, ಅವಳಿಗೆ ತೋರಿಸಿದ. ಮದುವೆಯಾದ ಹೊಸದರಲ್ಲಿ ಮನೆ ತಿರುವಿಗೆ ಬಂದಾಗಲೆಲ್ಲ ಅವನು ಬಾರಿಸುತ್ತಿದ್ದ ಬೆಲ್ ಅದು.

ಅತ್ತಿಗೆ ಬಟನ್ ಒತ್ತಿ ಹಿಡಿದಳು. ಗುಂಡು ಒಳಗೆ ಹೋಗಿ ಬೆಲ್ ಹೊಡೆಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಡಬ್ಬಿ ತಂದಾಗಲೆಲ್ಲ ಅದೇ ಹುಚ್ಚು. ಖುಷಿಗೆ ಅಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದೇ ಸುಮಾರಿಗೆ ಅವಳ ಹೃದಯ ಕೈಕೊಟ್ಟಿತು. ಮಾತ್ರೆಯಲ್ಲೇ ಕೆಲವು ವರ್ಷ ದೂಡಬಹುದು, ಆಪರೇಷನ್ ಆದರೆ ಪೂರ್ತಿ ಗುಣವಾಗಬಹುದು, ಜೀವಕ್ಕೆ ಅಪಾಯವೂ ಉಂಟು ಎಂದರು ಡಾಕ್ಟರು. ಅಣ್ಣ ತುಟಿಪಿಟಕ್ಕೆನ್ನಲಿಲ್ಲ. ಅತ್ತಿಗೆಯೇ ಹೇಳಿದಳು: "ಮಾಡಿಸೋಣ. ಬಾಗಿಲು ತೆಗೆದು ನೋಡೇ ಬಿಡೋಣ."

"ರಸ್ತೆ ದಾಟೋಕೆ ಹೆದರ್ತೀಯ, ಇದಕ್ಕೆಲ್ಲಿಂದ ಬಂತು ಧೈರ್ಯ?" ಎಂದು ನಾನು ರೇಗಿದೆ.

ಅವಳು ಅಣ್ಣನನ್ನು ನೋಡಿ ನಕ್ಕಳು. "ಇವರೇ ಕಲ್ಸಿದ್ದು. ಹೆಚ್ಚುಕಮ್ಮಿ ಆದ್ರೆ ತಪ್ಪು ನಂದೇ ಅನ್ಕೋತೀನಿ, ಬಿಡಿ."

ಅವಳು ಆಪರೇಷನ್ ಕೋಣೆಯಿಂದ ಉಸಿರಾಡುತ್ತಾ ಹೊರಬರಲಿಲ್ಲ. ನನಗಿಂತ ಚಿಕ್ಕವಳು.

ಅಣ್ಣ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಗ ಮಾಲೀಕರು ಆ ಯಂತ್ರವನ್ನು, ಬೆಲ್ ಸಮೇತ, ಪೇಟೆಯ ಆಟದಂಗಡಿಗೆ ಕಳಿಸಿಬಿಟ್ಟರು. ಹೊಸ ಯಂತ್ರದ ಪಕ್ಕ ನಿಂತು ಜನ ಆಡುವುದನ್ನು ಗಮನಿಸುವುದು ರೂಪಿಸಿದವನದೇ ಕೆಲಸ. ನಾನು ಬೇಡವೆಂದರೂ ಅಣ್ಣ ಹೊರಟ. ಒಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಹೋದೆ.

ತರಕಾರಿ ಚೀಲ ಕಾಲ ಸಂದಿಯಲ್ಲಿಟ್ಟುಕೊಂಡು ಒಬ್ಬ ಹೆಂಗಸು ಆಡುತ್ತಿದ್ದಳು. ಬಟನ್ ಹಿಡಿದಳು, ಬಾಗಿಲು ತೆರೆಯಿತು. ಗುಂಡು ರಬ್ಬರಿಗೆ ತಾಕಿ ಹಿಂದಕ್ಕೆ ಬಂದು ಬಲಗಡೆಯಿಂದ ಜಾರಿಹೋಯಿತು.

"ಛೆ, ನಂದೇ ತಪ್ಪು," ಎಂದು ಪರ್ಸಿಗೆ ಕೈಹಾಕಿದಳು.

"ನಿಮ್ಮ ತಪ್ಪಲ್ಲಮ್ಮ," ಎಂದ ಅಣ್ಣ. "ನಾನು ಹಾಗನ್ನಿಸೋ ಥರ ಮಾಡಿಟ್ಟಿದೀನಿ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ ಇನ್ನೊಂದು ನಾಣ್ಯ ಹಾಕಿದಳು. ಮತ್ತೆ ಬಟನ್ ಒತ್ತಿ ಹಿಡಿದಾಗ ಅಣ್ಣ ಅವಳ ಕೈಯನ್ನೇ ಹಿಡಿದು ಬಿಡಿಸಲು ಹೋದ. ಅವಳು ಕಿರುಚಿದಳು, ಜನ ಮುತ್ತಿಕೊಂಡರು. ಸಿಕ್ಕಸಿಕ್ಕವರಿಗೆ ಕೈಮುಗಿದು, ಅವನನ್ನು ಎಳೆದುಕೊಂಡು ಹೊರಗೆ ಬಂದೆ.

"ನಿಂಗೇನು ತಲೆ ಕೆಟ್ಟಿದ್ಯಾ?" ಎಂದೆ. "ಆಪರೇಷನ್ ತೀರ್ಮಾನ ಮಾಡಿದ್ದು ಅತ್ತಿಗೆನೇ ಅಲ್ವಾ? ನೀನೇನು ಬಲವಂತ ಮಾಡಿದ್ಯಾ?"

ಅಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಜೇಬಿನ ಗುಂಡು ಕಲ್ಲಿಗೆ ತಾಕಿ ಠಣ್ ಎಂದಿತು.

"ಡಾಕ್ಟ್ರ ಮುಂದೆ ಅವಳು ನನ್ನ ಮುಖ ನೋಡಿದ್ಲು ಕಣೇ," ಎಂದ. "ಬಂದಷ್ಟು ಸಾಕು ಅಂತ ನಾನು ಒಂದ್ಸಲ ಅಂದಿದ್ರೆ, ಅವಳು ಕೇಳ್ತಿದ್ಲು."