ಬಿಳಿ ಚುಕ್ಕೆಗೆ ಹಚ್ಚಿದ ಮಸಿ

ಮಾನ್ವಿಯ ಬಸ್‌ಸ್ಟ್ಯಾಂಡಿನ ಎದುರು, ಕಿರಾಣಿ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ನನ್ನದೊಂದು ಫೋಟೊ ಸ್ಟುಡಿಯೊ ಇತ್ತು. ಎಪ್ಪತ್ತರ ದಶಕದಲ್ಲಿ ತೆರೆದದ್ದು. ಅದಕ್ಕೂ ಮೊದಲು ಮೂರು ವರ್ಷ ರಾಯಚೂರಿನಲ್ಲಿ ಒಬ್ಬ ಉಸ್ತಾದರ ಹತ್ತಿರ ಕೆಲಸ ಕಲಿತೆ. ಫೋಟೊ ತೆಗೆಯುವುದನ್ನು ಅವರು ಎರಡು ತಿಂಗಳಲ್ಲಿ ಕಲಿಸಿ ಮುಗಿಸಿದರು. ಉಳಿದ ಕಾಲವೆಲ್ಲ ಕಲಿಸಿದ್ದು ಟಚಿಂಗ್. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ಲಿನಿಂದ, ಒಣಗಿದ ಫೋಟೊ ಮೇಲೆ ನಾಲ್ಕೆಳೆ ಕೂದಲಿನ ಕುಂಚ ಮತ್ತು ಮಸಿಯಿಂದ ಮುಖದ ಕುಂದು ಮುಚ್ಚುವ ಕೆಲಸ. ಸಿಡುಬಿನ ಕಲೆ, ಗಾಯದ ಗುರುತು, ಎರಡು ಹಲ್ಲಿನ ನಡುವಿನ ಸಂದು, ಎಲ್ಲಕ್ಕೂ ಅದರಲ್ಲಿ ಮದ್ದಿತ್ತು.

“ಸ್ಟುಡಿಯೊಕ್ಕ ಬಂದಾವ್ರು ತಮ್ಮ ಕುಂದು ಕಾಗದದ ಮ್ಯಾಲ ಹೊತ್ಕೊಂಡು ಮನಿಗೆ ಹೋಗಬಾರ್ದು ನೋಡಪಾ,” ಎನ್ನುತ್ತಿದ್ದರು ಉಸ್ತಾದರು. ನಾನು ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಮಾನ್ವಿಗೆ ಬಂದೆ. ಕೈ ಚೆನ್ನಾಗಿತ್ತು. ಕೈಗಿಂತ ಹೆಚ್ಚಾಗಿ ಸೊಕ್ಕಿತ್ತು.

ಸ್ಟುಡಿಯೊ ತೆರೆದ ಹೊಸದರಲ್ಲಿ ಚೀಕಲಪರ್ವಿಯ ಒಬ್ಬ ಕುರಿಗಾರ ಮದುವೆಯಾಗಿ ವಾರಕ್ಕೆ ಹೆಂಡತಿಯನ್ನು ಕರೆದುಕೊಂಡು ಬಂದ. ಅವನ ಬಲಗಣ್ಣು ಕೂಸಿದ್ದಾಗಿನಿಂದ ಒಳಗೆ ಬತ್ತಿಹೋಗಿತ್ತು. ಟಗರು ಹಾಯ್ದು ಹೋದದ್ದು ಎಂದು ಮನೆಯವರೆಲ್ಲ ಹೇಳುತ್ತಿದ್ದರು, ಅವನೂ ಹಾಗೆಯೇ ನಂಬಿದ್ದ. “ಫೋಟೋದಾಗರ ಎರಡು ಕಣ್ಣು ಮಾಡಿಕೊಡ್ರಿ,” ಎಂದ, ನಗುತ್ತಲೇ. ನಾನು ಎರಡು ದಿನ ಕೂತು ಎಡಗಣ್ಣನ್ನು ನೋಡಿ ನೋಡಿ ಬಲಗಡೆ ಒಂದು ಕಣ್ಣು ಬರೆದೆ. ಅದನ್ನು ನೋಡಿ ಅವನಿಗೆ ನಗುವೂ ಬಂತು, ಅಳುವೂ ಬಂತು. ದೇವದುರ್ಗದ ಕಡೆಯಿಂದ ಬಂದ ಹೆಂಡತಿ ಮಾತ್ರ ಫೋಟೊ ಒಮ್ಮೆ ನೋಡಿ, ಗಂಡನ ಮುಖ ಒಮ್ಮೆ ನೋಡಿ, “ಇದ್ದಂಗ ಇದ್ರ ಚಂದ ಇತ್ತು,” ಎಂದಳು. ನಾನು ಒಳಗೊಳಗೇ ನಕ್ಕೆ. ಹಳ್ಳಿಯ ಹುಡುಗಿ, ಇವಳಿಗೇನು ತಿಳಿಯುತ್ತದೆ ಎಂದುಕೊಂಡೆ. ಆ ಫೋಟೊದ ಇನ್ನೊಂದು ಪ್ರತಿ ಮಾಡಿ ಹೊರಗಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟೆ. ಅದನ್ನು ನೋಡಿಯೇ ಎಷ್ಟೋ ಗಿರಾಕಿಗಳು ಬಂದರು.

ಎರಡು ವರ್ಷದ ಮೇಲೆ ಅದೇ ಗಂಡಹೆಂಡತಿ ಮಗನ ಜವಳ ಮುಗಿಸಿ ಬಂದರು. ಕೂಸಿನ ತಲೆ ನುಣ್ಣಗೆ ಬೋಳಿಸಿ ಗಂಧ ಹಚ್ಚಿದ್ದರು. ಆಗಷ್ಟೇ ಹೊಸ ಫ್ಲ್ಯಾಶ್ ತಂದಿದ್ದೆ, ಕೂಸು ಅಲುಗಾಡಿದರೂ ಚಿತ್ರ ಅಲುಗುವುದಿಲ್ಲ ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ತಾಯಿಯ ತೊಡೆಯ ಮೇಲೆ ಕೂಡಿಸಿ ತೆಗೆದೆ.

ಫೋಟೊ ತೊಳೆದಾಗ ಕೂಸಿನ ಎರಡೂ ಕಣ್ಣ ಪಾಪೆಗಳು ಬಿಳಿಯಾಗಿ ಬಂದವು. ಫ್ಲ್ಯಾಶ್ ಹೊಡೆದಾಗ ಕಣ್ಣಲ್ಲಿ ಒಂದು ಮಸುಕು ಚುಕ್ಕೆ ಬರುವುದುಂಟು, ಅಂಥವನ್ನು ಎಷ್ಟೋ ಮುಚ್ಚಿದ್ದೆ. ಇದು ಹಾಗಿರಲಿಲ್ಲ. ಪಾಪೆಯ ತುಂಬ, ಸೀಮೆಸುಣ್ಣದ ಚೂರು ಇಟ್ಟ ಹಾಗೆ ಬಿಳಿ. ಅದೇ ದಿನ ಅದೇ ಫ್ಲ್ಯಾಶಿನಲ್ಲಿ ತೆಗೆದ ಬೇರೆ ಎರಡು ಮಕ್ಕಳ ಫೋಟೊ ತೆಗೆದು ನೋಡಿದೆ. ಅವರ ಕಣ್ಣು ಕಪ್ಪಗಿದ್ದವು. ಅಂದರೆ ತಪ್ಪು ಫ್ಲ್ಯಾಶಿನದಲ್ಲ ಎನ್ನುವುದು ನನಗೆ ಆಗಲೇ ಗೊತ್ತಾಗಿತ್ತು. ಎಷ್ಟೋ ವರ್ಷ ಈ ಒಂದು ಸಾಲನ್ನು ನಾನು ಯಾರ ಮುಂದೆಯೂ ಹೇಳಲಿಲ್ಲ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿದೆ. ಹೀಗೇ ಕೊಟ್ಟರೆ ನಾಳೆ ಊರವರು ಹೊಸ ಫ್ಲ್ಯಾಶ್ ಕೆಟ್ಟದ್ದು ಎನ್ನುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ಓಡಿದ್ದು. ಕುಂಚ ತೆಗೆದು ಎರಡೂ ಪಾಪೆಗೆ ಕಪ್ಪು ಮಸಿ ತುಂಬಿದೆ.

ಫೋಟೊ ಒಯ್ಯಲು ಅವಳು ಅತ್ತೆಯ ಜೊತೆ ಬಂದಳು. ಬಂದವಳೇ ಕೇಳಿದಳು: “ಯಣ್ಣಾ, ಚಿಮಣಿ ಬೆಳಕಿಗೆ ಇವನ ಕಣ್ಣು ಬೆಕ್ಕಿನ ಕಣ್ಣಿನಂಗ ಹೊಳೀತಾವ. ಫೋಟೋದಾಗ ಏನರ ಬಂದದೇನು?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಫೋಟೊ ಕಿತ್ತುಕೊಂಡಳು. “ನೋಡ ಬೇ, ಎಷ್ಟು ಕರ್ರಗ ಅದಾವ! ಹೊಳೀತಾವಂತ, ಹೊಳೀತಾವ. ಹೆತ್ತ ಕೂಸಿಗೆ ನೀನ ಕಣ್ಣು ಹಾಕಾಕತ್ತಿ.”

ಅವಳು ನನ್ನ ಕಡೆ ನೋಡಿದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. “ಕ್ಯಾಮೆರಾಕ್ಕ ಕಂಡಂಗ ಬಂದದವ್ವಾ,” ಎಂದೆ.

ಆಮೇಲೆ ನಡೆದದ್ದನ್ನು ಬೇರೆಯವರ ಬಾಯಿಂದ ಕೇಳಿದೆ. ಅವಳು ಕಣ್ಣಿನ ಮಾತು ಎತ್ತಿದಾಗಲೆಲ್ಲ ಮನೆಯವರು ಗೋಡೆಯ ಮೇಲಿನ ಫೋಟೊ ತೋರಿಸುತ್ತಿದ್ದರಂತೆ. ಕೂಸು ವಸ್ತು ಹಿಡಿಯಲು ತಡಕಾಡುತ್ತದೆ ಎಂದರೆ ಫೋಟೊ. ಮೆಳ್ಳಗಣ್ಣು ಬೀಳುತ್ತಿದೆ ಎಂದರೆ ಫೋಟೊ. ಹಾಗೆ ಹತ್ತು ತಿಂಗಳು ಹೋದವು. ಒಂದು ಕಣ್ಣು ಊದಿ ಹೊರಗೆ ಬಂದಾಗ ರಾಯಚೂರಿಗೆ ಒಯ್ದರು. ಅಲ್ಲಿನ ಕಣ್ಣಿನ ಡಾಕ್ಟರು ಇದು ಕಣ್ಣೊಳಗಿನ ಕ್ಯಾನ್ಸರು, ಮಿದುಳಿಗೆ ಹಬ್ಬಿದೆ, ಮೊದಲೇ ತಂದಿದ್ದರೆ ಜೀವವಾದರೂ ಉಳಿಯುತ್ತಿತ್ತು ಎಂದರಂತೆ. ಕೂಸು ಮೂರು ತುಂಬುವ ಮೊದಲೇ ಹೋಯಿತು.

ಇದನ್ನು ನನಗೆ ಹೇಳಿದವನು ತಂದೆಯೇ. ಗೋಡೆಗೆ ಹಾಕಲು ಮಗನ ಫೋಟೊ ದೊಡ್ಡದು ಮಾಡಿಸಲು ಬಂದಿದ್ದ. ಹಳೆಯ ನೆಗೆಟಿವ್ ತೆಗೆದೆ. ಕತ್ತಲೆಕೋಣೆಯ ಕೆಂಪು ದೀಪದಲ್ಲಿ, ಔಷಧಿಯ ನೀರಿನಲ್ಲಿ ಕೂಸಿನ ಮುಖ ನಿಧಾನ ಮೂಡಿತು, ಜೊತೆಗೆ ಆ ಎರಡು ಬಿಳಿ ಚುಕ್ಕೆಗಳು, ಈ ಸಲ ಕಡಲೆಯಷ್ಟು ದೊಡ್ಡದಾಗಿ. ಅವು ಏನೆಂದು ಈಗ ನನಗೆ ಪೂರ್ತಿ ತಿಳಿದಿತ್ತು. ಹಾಗೇ ಕೊಟ್ಟರೆ ಮೊದಲಿನದು ಸುಳ್ಳು ಎಂದು ಗೊತ್ತಾಗುತ್ತದೆ. ಸತ್ತ ಕೂಸಿನ ಕಣ್ಣಿಗೆ ಎರಡನೇ ಸಲ ಮಸಿ ಹಚ್ಚಿದೆ. ಮೊದಲ ಸಲದ್ದನ್ನು ದಡ್ಡತನ ಎನ್ನಬಹುದು. ಎರಡನೆಯದಕ್ಕೆ ನನ್ನ ಹತ್ತಿರ ಒಳ್ಳೆಯ ಹೆಸರಿಲ್ಲ.

ಊರಲ್ಲಿ ಮಾತ್ರ ತಾಯಿಯ ಮೇಲೆಯೇ ಬಂತು. ಹಗಲೆಲ್ಲ ಕಣ್ಣು ಕಣ್ಣು ಎಂದು ಕೆಟ್ಟದ್ದು ನುಡಿದು ಬೇನೆ ಕರೆತಂದಳು, ಚೆಂದದ ಕಣ್ಣಿಗೆ ತಾನೇ ದೃಷ್ಟಿ ಹಾಕಿದಳು ಎಂದರು. ಚೆಂದದ ಕಣ್ಣಿಗೆ ಸಾಕ್ಷಿ ನನ್ನ ಫೋಟೊ.

ಎಂಬತ್ತರ ದಶಕ ಶುರುವಾದ ಮೇಲೆ, ಒಂದು ಮಧ್ಯಾಹ್ನ ಅವಳು ಐದು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಸ್ಟುಡಿಯೊಕ್ಕೆ ಬಂದಳು. ದೇವದುರ್ಗದ ಅವಳ ಅಣ್ಣ ಹೊರಗೆ ಕಟ್ಟೆಯ ಮೇಲೆ ಕೂತ. ಸೆರಗಿನಿಂದ ಮಗನ ಹಳೆಯ ಫೋಟೊ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

“ರಾಯಚೂರ ಡಾಕ್ಟರ್ ಅಂದಿದ್ರು, ಮುಂದ ಹುಟ್ಟಿದ ಕೂಸಿನ ಕಣ್ಣು ಬಾಣಂತನದಾಗಿಂದ ನೋಡಬೇಕಂತ. ಮನಿಯಾಗ ಯಾರೂ ಕಿವಿ ಮ್ಯಾಲ ಹಾಕ್ಕೊಳ್ಳಾವಲ್ರು. ಇದರ ಕಣ್ಣಾಗೂ ನನಗ ಏನೋ ಕಾಣಾಕತ್ತದ. ಆ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗಿ. ತೊಳಿಯೂತನಕ ನಾನು ಇಲ್ಲೇ ನಿಂದರತೀನಿ. ನಿನ್ನ ಕುಂಚ ಹಚ್ಚಬ್ಯಾಡ.”

ಅಕ್ಷರ ಬಾರದ ಹೆಂಗಸು. ನನ್ನ ಅಂಗಡಿಯಲ್ಲಿ ಏನು ನಡೆಯುತ್ತದೆ ಎನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ತೆಗೆದೆ. ಅವಳು ಕತ್ತಲೆಕೋಣೆಯ ಪರದೆಯ ಆಚೆ ಕೂಸನ್ನು ತಟ್ಟುತ್ತ ನಿಂತಳು. ಔಷಧಿಯಲ್ಲಿ ಕೂಸಿನ ಮುಖ ಮೂಡಿತು. ಬಲಗಣ್ಣು ಕಪ್ಪು. ಎಡಗಣ್ಣಿನ ಅಂಚಿನಲ್ಲಿ ಬಿಳಿ. ನನ್ನ ಕೈ ತಾನಾಗಿ ಕುಂಚದ ಡಬ್ಬಿಯ ಕಡೆ ಹೋಯಿತು, ಅಷ್ಟು ರೂಢಿ ಬಿದ್ದಿತ್ತು. ಕೈ ಹಿಂದೆ ತೆಗೆದುಕೊಂಡು ಒದ್ದೆ ಫೋಟೊವನ್ನೇ ಅವಳಿಗೆ ಕೊಟ್ಟೆ.

ಅವಳು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. “ಅದ,” ಎಂದಳು. ಅಳಲಿಲ್ಲ. ಆಮೇಲೆ ಗಲ್ಲಾಪೆಟ್ಟಿಗೆಯ ಮೇಲಿದ್ದ ಮಗನ ಫೋಟೊ ಮೇಲೆ ಬೆರಳಿಟ್ಟು, “ಇದರಾಗೂ ಹಿಂಗ ಇತ್ತೇನು? ಖರೇ ಹೇಳು ಯಣ್ಣಾ,” ಎಂದಳು.

ಆ ಫೋಟೊದ ನೆಗೆಟಿವ್ ನನ್ನ ಬೆನ್ನ ಹಿಂದಿನ ತಗಡಿನ ಡಬ್ಬಿಯಲ್ಲಿತ್ತು. ತಿರುಗಿ ಕೈ ಚಾಚಿದರೆ ಸಿಗುತ್ತಿತ್ತು.

“ಇರಲಿಲ್ಲವ್ವಾ,” ಎಂದೆ.

ಅವಳು ಆ ಒದ್ದೆ ಫೋಟೊ ಹಿಡಿದುಕೊಂಡು ಅಣ್ಣನ ಜೊತೆ ನೇರ ರಾಯಚೂರಿಗೆ ಹೋದಳು, ಅಲ್ಲಿಂದ ಹೈದರಾಬಾದಿಗೆ. ಕೂಸಿನ ಒಂದು ಕಣ್ಣು ತೆಗೆದರು. ಜೀವ ಉಳಿಯಿತು, ಇನ್ನೊಂದು ಕಣ್ಣೂ ಉಳಿಯಿತು.

ಅಂದಿನಿಂದ ಟಚಿಂಗ್ ಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾದೀತು. ಬಿಡಲಿಲ್ಲ, ಹೊಟ್ಟೆಪಾಡು. ಗಾಜಿನ ಪೆಟ್ಟಿಗೆಯಿಂದ ಕುರಿಗಾರನ ಫೋಟೊ ತೆಗೆದೆ, ಮಕ್ಕಳ ಕಣ್ಣಿಗೆ ಮತ್ತೆ ಕುಂಚ ಮುಟ್ಟಿಸಲಿಲ್ಲ, ಅಷ್ಟೇ. ಅವಳನ್ನು ಮಾನ್ವಿಯ ಸಂತೆಯಲ್ಲಿ ದೂರದಿಂದ ಕಂಡರೆ ಪಕ್ಕದ ಓಣಿ ಹಿಡಿಯುತ್ತಿದ್ದೆ. ಹತ್ತು ಮಾರು ದೂರ ಹೋಗಿ ಹೇಳಿ ಬರಲು ನನಗೆ ಧೈರ್ಯವಾಗಲಿಲ್ಲ.

ಸ್ಟುಡಿಯೊ ಮುಚ್ಚಿ ಎಷ್ಟೋ ಕಾಲವಾದ ಮೇಲೆ, ಅಂದು ಒಂದು ಕಣ್ಣು ತೆಗೆಸಿಕೊಂಡ ಆ ಹೆಣ್ಣುಕೂಸು ದೊಡ್ಡವಳಾಗಿ, ತನ್ನ ಕೂಸನ್ನು ಎತ್ತಿಕೊಂಡು ನನ್ನ ಮನೆ ಹುಡುಕಿ ಬಂದಳು. ಸಿರವಾರದಲ್ಲಿ ಶಾಲೆಯ ಟೀಚರಾಗಿದ್ದಾಳೆ. ಎಡಗಣ್ಣು ಗಾಜಿನದು ಎಂದು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ನನಗೆ ತಿಳಿಯಲಿ ಎಂದು ಶಾಲೆಯಲ್ಲಿ ಪಾಠ ಹೇಳುವ ಹಾಗೆ ಹೇಳಿದಳು. ನಮ್ಮ ಮೈಯ ಕಣಕಣದಲ್ಲೂ ಒಂದು ಬರಹ ಇರುತ್ತದಂತೆ, ತಂದೆತಾಯಿಯಿಂದ ಬರುವಂಥದ್ದು. ಅದರಲ್ಲಿ ಒಂದು ಜೀನು ಕೆಟ್ಟರೆ ಈ ಕಣ್ಣಿನ ಕ್ಯಾನ್ಸರು ಬರುತ್ತದಂತೆ. ನಾನು ಮಸಿ ಹಚ್ಚುತ್ತಿದ್ದ ಅದೇ ಕಾಲದಲ್ಲಿ ಹೊರದೇಶದ ವಿಜ್ಞಾನಿಗಳು ಅದನ್ನು ಹುಡುಕುತ್ತಿದ್ದರಂತೆ. ಎಂಬತ್ತರ ದಶಕ ಮುಗಿಯುವ ಮೊದಲೇ ಸಿಕ್ಕಿತಂತೆ. ಈಗ ಡಾಕ್ಟರು ಮೊದಲು ಅವಳ ರಕ್ತದಲ್ಲಿ ಆ ಬರಹದ ಯಾವ ಜಾಗದಲ್ಲಿ ತಪ್ಪಿದೆ ಎಂದು ಹುಡುಕಿ, ಕೂಸು ಹುಟ್ಟಿದ ಕೂಡಲೇ ಅದರ ರಕ್ತದಲ್ಲೂ ಅದೇ ಜಾಗ ನೋಡಿದರು. ಅಲ್ಲಿಯೂ ಇತ್ತು.

“ಇರದಿದ್ರ ಮತ್ತ ಮತ್ತ ಕಣ್ಣು ನೋಡಿ ಕೂಸಿಗೆ ಸುಮ್ ಸುಮ್ನ ತ್ರಾಸ ಕೊಡತಿರಲಿಲ್ಲ ಕಾಕಾ. ಇತ್ತಂತ ಗೊತ್ತಾದ ಮ್ಯಾಲ ಮದಲಿನ ತಿಂಗಳದಾಗಿಂದ ನೋಡಾಕತ್ರು. ಸಾಸಿವಿಯಷ್ಟು ಗಂಟು ಇದ್ದಾಗನ ಲೇಸರ್‌ದಾಗ ಸುಟ್ರು. ಎರಡೂ ಕಣ್ಣು ಅದಾವ ನೋಡು.”

ಕೂಸು ನನ್ನ ಕನ್ನಡಕಕ್ಕೆ ಕೈ ಹಾಕಿ ಎಳೆಯಿತು.

ಡಾಕ್ಟರು ಅವರ ಮನೆತನದ ನಕ್ಷೆ ಬರೆದಿದ್ದರು, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅದನ್ನು ಬಿಚ್ಚಿ ತೋರಿಸಿದಳು. ಅಪ್ಪನ ಕಣ್ಣು ಟಗರು ಹಾಯ್ದು ಹೋದದ್ದಲ್ಲ, ಇದೇ ಬೇನೆ ಬಂದು ತಾನೇ ಬತ್ತಿರಬೇಕು ಎಂದಿದ್ದರಂತೆ. ಅಪ್ಪ, ಅಣ್ಣ, ಅವಳು. ಮೊದಲ ಎರಡು ಚೌಕಗಳ ಮೇಲೂ ನನ್ನ ಕುಂಚ ಆಡಿತ್ತು. ಅಣ್ಣನ ಚೌಕದ ಪಕ್ಕ, ಒಂದು ಕಣ್ಣೋ ಎರಡೋ ಎಂದು ಬರೆದು ಪ್ರಶ್ನೆ ಚಿಹ್ನೆ ಹಾಕಿದ್ದರು.

“ಅದು ಈಗ ಡಾಕ್ಟರಿಗೆ ಬೇಕಾಗಿಲ್ಲ, ರಕ್ತಾನ ಎಲ್ಲಾ ಹೇಳ್ಯದ,” ಎಂದಳು. “ನನಗ ಬೇಕು. ಅವ್ವ ಹ್ವಾದ ವರ್ಷ ತೀರಿಕೊಂಡ್ಲು. ಸಾಯೂತನಕ ಅದನ್ನ ಅಂತಿದ್ಲು, ದೊಡ್ಡವನ ಕಣ್ಣಾಗ ನಾ ನೋಡಿದ್ದು ಖರೇನೋ, ಇಲ್ಲಾ ಎಲ್ಲಾರು ಅಂದಂಗ ನನ್ನ ಕಣ್ಣ ಕೆಟ್ಟದ್ದೋ ಅಂತ.”

ನಾನು ಎದ್ದು ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಿದೆ. ನೆಗೆಟಿವ್ ಅವಳ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ, ಎರಡನೇ ಸಲ ಹಚ್ಚಿದ್ದನ್ನೂ, ಅವಳ ಅವ್ವ ಕೇಳಿದಾಗ ಇಲ್ಲವೆಂದದ್ದನ್ನೂ. ನೆಗೆಟಿವಿನಲ್ಲಿ ಬಿಳುಪೆಲ್ಲ ಕಪ್ಪಾಗಿ ಕಾಣುತ್ತದೆ, ಆ ಚುಕ್ಕೆಗಳೂ. ಅವಳು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಎರಡೂ,” ಎಂದಳು. ಆಮೇಲೆ, “ಅವ್ವ ಇದ್ದಾಗ ಒಂದು ಮಾತು ಹೇಳಬಾರದಾಗಿತ್ತೇನು ಕಾಕಾ?”

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವ್ವನ ಫೋಟೊ ಪಕ್ಕದಲ್ಲಿ ಹಾಕಲು ಇದರದೊಂದು ಪ್ರತಿ ಮಾಡಿಸಿಕೊಡಲು ಹೇಳಿ, ಕೂಸನ್ನು ಎತ್ತಿಕೊಂಡು ಬಸ್ಸಿಗೆ ಹೋದಳು.

ನನ್ನ ಕತ್ತಲೆಕೋಣೆ ಎಂದೋ ಹೋಗಿತ್ತು. ನೆಗೆಟಿವ್ ಹಿಡಿದು ರಾಯಚೂರಿನ ಒಂದು ಲ್ಯಾಬಿಗೆ ಹೋದೆ. ಅಲ್ಲಿನವನು ಅದನ್ನು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ಬೋಳುತಲೆಯ ಕೂಸು ಬಂತು, ಹಿಂದೆ ಅದರ ತಾಯಿ, ಅವಳಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅವನು ನೋಡಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ:

“ಕಣ್ಣಾಗ ಬಿಳಿ ಬಂದದಲ್ರೀ. ಒಂದು ನಿಮಿಷದ ಕೆಲಸ, ತೆಗೆದುಬಿಡ್ಲೇನು?”

ನಾನು ಅವನ ಕೈ ಹಿಡಿದುಕೊಂಡೆ. “ಬ್ಯಾಡಪಾ,” ಎಂದೆ, “ಇದ್ದಂಗ ಇರಲಿ.”