ಕೊರಳೆಲುಬಿನ ಸುಳ್ಳು

ಗಾಜಿನ ಬಾಗಿಲಿನ ಆಸ್ಪತ್ರೆ ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಒಳಗೆ ಹೋದವನನ್ನು ಕೊಯ್ಯದೆ ಹೊರಗೆ ಬಿಡುವುದಿಲ್ಲ ಎಂದೇ ನನ್ನ ಲೆಕ್ಕ.

ಕಿರಿಮಂಜೇಶ್ವರದ ಹತ್ತಿರ ಸ್ಕೂಟರ್ ಜಾರಿ ಬಲಮಗ್ಗುಲಿಗೆ ಬಿದ್ದೆ. ಕೊರಳಿಗೂ ಭುಜಕ್ಕೂ ನಡುವಿನ ಕೊರಳೆಲುಬು ಮುರಿಯಿತು. ನಾನು ಮದುವೆ, ಉಪನಯನಗಳಿಗೆ ಅಡುಗೆ ಮಾಡುವವನು. ಪಾಯಸದ ಕೊಪ್ಪರಿಗೆಯಲ್ಲಿ ಉದ್ದದ ಸಟ್ಟುಗ ತಿರುಗಿಸುವುದು ಆ ಬಲಗೈಯೇ. ಅದು ಹೋದರೆ ನಾನು ಯಾರಿಗೆ ಬೇಕು?

ಕುಂದಾಪುರದ ಡಾಕ್ಟರು ಎಕ್ಸ್‌ರೇ ತೋರಿಸಿದರು. ಎಲುಬಿನ ಎರಡು ತುಂಡುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು.

"ಎಂತ ಕೆಲ್ಸ ನಿಮ್ದು?" ಎಂದು ಕೇಳಿದರು. ಹೇಳಿದೆ.

"ಹಂಗಾರೆ ಆಪರೇಷನ್ ಮಾಡಿ ಪ್ಲೇಟ್ ಹಾಕುದೇ ಒಳ್ಳೇದ್. ಹಾಂಗೇ ಬಿಟ್ರೂ ಕೂಡ್ತ್, ಆದ್ರೆ ಗಿಡ್ಡ ಆಯಿ ಕೂಡ್ತ್. ಭಾರದ ಕೆಲ್ಸಕ್ಕೆ ಶಕ್ತಿ ಸಾಕಾತಿಲ್ಲೆ."

ನನ್ನ ಕೆಲಸ ಇವರಿಗೇಕೆ? ಮುರಿದದ್ದು ಎಲುಬು ತಾನೇ! ಕಿಸೆಯ ಆಳ ನೋಡಲಿಕ್ಕೇ ಕೇಳಿದ್ದು ಎಂದು ನನಗೆ ಖಾತ್ರಿಯಾಯಿತು. ಎಕ್ಸ್‌ರೇ ಹಿಡಿದುಕೊಂಡು ಎದ್ದು ಬಂದೆ.

ಮಾರನೆಯ ದಿನ ನಾನೂ ಹೆಂಡತಿಯೂ ಬ್ರಹ್ಮಾವರದ ಇನ್ನೊಬ್ಬ ಡಾಕ್ಟರ ಹತ್ತಿರ ಹೊರಟೆವು. ಸಾಂಬಾರಿನ ಉಪ್ಪು ನೋಡಲು ಯಾರಿಗಾದರೂ ಕೊಟ್ಟಾಗ ಎಷ್ಟು ಹಾಕಿದ್ದೇನೆಂದು ನಾನು ಬಾಯಿ ಬಿಡುವುದಿಲ್ಲ. ಹೇಳಿಬಿಟ್ಟರೆ ಅವರ ನಾಲಗೆಯೂ ಅದನ್ನೇ ಹೇಳುತ್ತದೆ. ಡಾಕ್ಟರನ್ನೂ ಹಾಗೆಯೇ ಪರೀಕ್ಷಿಸುವುದೆಂದು ಬಸ್ಸಿನಲ್ಲೇ ನಿಶ್ಚಯಿಸಿ ಹೆಂಡತಿಗೂ ಹೇಳಿದೆ. ಅಡುಗೆಯ ಸುದ್ದಿಯನ್ನೇ ಎತ್ತಬಾರದು.

"ಹ್ವಾಯ್, ಡಾಕ್ಟ್ರ ಹತ್ರ ಸುಳ್ ಹೇಳುಕಾಗ," ಎಂದಳು ಹೆಂಡತಿ.

"ನೀನ್ ಸುಮ್ನೆ ಕೂಕೋ," ಎಂದೆ.

ಬ್ರಹ್ಮಾವರದ ಡಾಕ್ಟರೂ ಕೆಲಸವನ್ನೇ ಕೇಳಿದರು! ಎಲ್ಲ ಒಂದೇ ಜಾತಿಯವರು ಎಂದುಕೊಂಡು, "ಅಂಗಡೀಲಿ ಕೂಕಂಬ ಕೆಲ್ಸ," ಎಂದೆ. ಅವರು ಬರೆದುಕೊಂಡರು. "ಹಂಗಾರೆ ಕೊಯ್ಯುದೆಂತಕ್ಕೆ? ಕೈ ಕುತ್ತಿಗೆಗೆ ಕಟ್ಕಣಿ. ಒಂಚೂರು ಗಂಟು ಉಳೀತ್, ಅಷ್ಟೇ," ಎಂದರು. ಕುಂದಾಪುರದ ಡಾಕ್ಟರ ಬಣ್ಣ ಬಯಲಾಯಿತು ಎಂದು ಬರುವಾಗ ದಾರಿಯುದ್ದಕ್ಕೂ ಹೆಂಡತಿಯ ತಲೆ ತಿಂದೆ.

ಪಟ್ಟಿ ಬಿಚ್ಚಿದರು, ವ್ಯಾಯಾಮ ಮಾಡಿಸಿದರು, ಎಲುಬು ಕೂಡಿತು. ಕೆಲವು ತಿಂಗಳ ಮೇಲೆ ನಾವುಂದದ ಒಂದು ಮದುವೆಯಲ್ಲಿ ಸಟ್ಟುಗ ಹಿಡಿದೆ. ಪಾಯಸ ದಪ್ಪವಾಗತೊಡಗಿದಾಗ ಭುಜ ಸೋತಿತು. ತಳ ಹಿಡಿದ ವಾಸನೆ ಬಂತು. ಜೊತೆಯ ಅಡುಗೆಯವ ಏನೂ ಹೇಳದೆ ಸಟ್ಟುಗವನ್ನು ನನ್ನ ಕೈಯಿಂದ ತೆಗೆದುಕೊಂಡ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಸಿಟ್ಟು ನೆತ್ತಿಗೇರಿ ಹೆಂಡತಿಯನ್ನು ಕರೆದುಕೊಂಡು ಬ್ರಹ್ಮಾವರಕ್ಕೆ ಹೋದೆ. "ಕೊಯ್ಯುದ್ ಬ್ಯಾಡ ಅಂದದ್ ನೀವೇ ಅಲ್ದಾ? ಕೈಯಲ್ಲಿ ಶಕ್ತಿಯೇ ಇಲ್ಲೆ!"

ಡಾಕ್ಟರು ಹೊಸ ಎಕ್ಸ್‌ರೇ ನೋಡಿದರು, ಹಳೆಯ ಚೀಟಿ ನೋಡಿದರು. "ಎಲುಬು ಗಿಡ್ಡ ಆದ್ರೂ ಗಟ್ಟಿ ಕೂಡಿತ್ತಲೆ. ಅಂಗಡೀಲಿ ಕೂಕಂಬುಕೆ ಎಂತ ತೊಂದ್ರೆ?"

ನಾನು ಹೆಂಡತಿಯ ಕಡೆ ನೋಡಿದೆ.

"ಅಂಗಡಿ ಇಲ್ಲೆ ಡಾಕ್ಟ್ರೆ," ಎಂದಳು ಹೆಂಡತಿ. "ಇವ್ರ್ ಅಡ್ಗಿಯವ್ರ್."

ಡಾಕ್ಟರು ಚೀಟಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅದನ್ನ ಅವತ್ತೇ ಹೇಳುಕೆ ಎಂತಾಯ್ತ್ ನಿಮ್ಗೆ?"