ಪೇರಲಹಣ್ಣು ಹಿಡಿದ ಕೈ

ಮಕ್ಕಳ ಕಲಿಕೆಯ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದರೆ ಜನ ನನ್ನ ಚೀಲದಲ್ಲಿ ದೊಡ್ಡ ಯಂತ್ರವೇನೋ ಇದೆ ಎಂದುಕೊಳ್ಳುತ್ತಾರೆ. ಇರುವುದು ಹಣ್ಣು. ಮಗುವಿನ ಹುಟ್ಟುಗೈ ಎಡವೋ ಬಲವೋ ತಿಳಿಯಬೇಕಾದರೆ ಬರೆಸಿ ನೋಡಬಾರದು, ಉಣ್ಣಿಸಿ ನೋಡಬಾರದು. ಅವೆರಡನ್ನೂ ಮನೆಯವರು ಆಗಲೇ ತಿದ್ದಿರುತ್ತಾರೆ. ಮಾತಾಡುತ್ತಾ ಮಾತಾಡುತ್ತಾ ಏನಾದರೂ ಎಸೆದುಬಿಡಬೇಕು. ಥಟ್ಟನೆ ಏಳುವ ಕೈ ಸುಳ್ಳು ಹೇಳುವುದಿಲ್ಲ. ಮೊದಮೊದಲು ನಿಂಬೆಹಣ್ಣು ಒಯ್ಯುತ್ತಿದ್ದೆ. ಶಲವಡಿ ಕಡೆಯ ಒಂದು ಓಣಿಯಲ್ಲಿ ನನ್ನನ್ನು ಮಾಟ ಮಾಡುವವಳೆಂದು ತಿಳಿದು ಬಾಗಿಲು ಹಾಕಿಕೊಂಡರು. ಅಂದಿನಿಂದ ಪೇರಲಹಣ್ಣು. ಪರೀಕ್ಷೆ ಮುಗಿದ ಮೇಲೆ ಮಕ್ಕಳೂ ತಿನ್ನುತ್ತವೆ, ನಾನೂ ತಿನ್ನುತ್ತೇನೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಇಷ್ಟು ವರ್ಷಗಳಲ್ಲಿ ನನಗೆ ಹೇಳಿದವರು ಎಷ್ಟೋ ಮಂದಿ. ಬಗ್ಗಿಸಲು ಹೋಗಿ ಮುರಿದ ಗಿಡಗಳನ್ನೂ ನಾನು ಕಂಡಿದ್ದೇನೆ.

ಯರಗುಪ್ಪಿ ಹತ್ತಿರದ ಒಂದು ಹಳ್ಳಿಯಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ಬರೆಯುವುದನ್ನೇ ಬಿಟ್ಟಿದ್ದಳು. ಪೆನ್ಸಿಲ್ ಕೊಟ್ಟರೆ ಎರಡೂ ಕೈ ಬೆನ್ನ ಹಿಂದೆ. ಬಾಯಿಲೆಕ್ಕ ಕೇಳಿದರೆ ಪಟಪಟ ಹೇಳುವವಳು ಹಾಳೆ ಕಂಡರೆ ಕಲ್ಲಾಗುತ್ತಿದ್ದಳು. ಅವಳು ದಡ್ಡಿ ಎಂದು ಓಣಿಯೆಲ್ಲ ತೀರ್ಮಾನಿಸಿಬಿಟ್ಟಿತ್ತು. ಪಾಪ, ಅವಳೂ ಅದನ್ನೇ ನಂಬಿದ್ದಳು. ದಡ್ಡಿ ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಮೈಯುರಿಯುತ್ತದೆ. ಅಪ್ಪ ಅವ್ವ ಬೆಳಗ್ಗೆಯೇ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅವಳನ್ನು ಬೆಳೆಸಿದ್ದು ಅಜ್ಜಿ.

ನಾನು ಹೋದ ದಿನ ಅಜ್ಜಿ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದರು. ಮನೆತನದಲ್ಲಿ ಎಡಚರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಯಾರೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಅಂಗಳದಲ್ಲಿ ಹುಡುಗಿಯ ಜೊತೆ ಅವರ ಬೆಕ್ಕಿನ ಸುದ್ದಿ ಮಾತಾಡುತ್ತಾ ಹಣ್ಣು ಎಸೆದೆ. ಎಡಗೈ ಹಾರಿತು. ಹಿಡಿದ ಕೂಡಲೇ ಕಳವು ಮಾಡಿದವಳಂತೆ ಹಣ್ಣನ್ನು ಬಲಗೈಗೆ ಬದಲಿಸಿ ಅಜ್ಜಿಯ ಮುಖ ನೋಡಿದಳು. ನನಗೆ ಗೊತ್ತಾಯಿತು. ಎಡಗೈಲಿ ಬರೆದರೆ ಬೈಗುಳ, ಬಲಗೈಲಿ ಬರೆದರೆ ಸೊಟ್ಟ ಅಕ್ಷರ. ಕೂಸು ಎರಡನ್ನೂ ಬಿಟ್ಟು ಸುಮ್ಮನಾಗಿತ್ತು.

ತಿರುಗಿ ನನಗೆ ಎಸೆ ಎಂದೆ. ಹೆದರಿಕೊಂಡು ಬಲಗೈಯಲ್ಲೇ ಎಸೆದಳು. ಹಣ್ಣು ಗುರಿ ತಪ್ಪಿ ನೇರ ಅಜ್ಜಿಯ ಮುಖದ ಕಡೆ ಹೋಯಿತು. ಅಯ್ಯೋ ಎನ್ನುವಷ್ಟರಲ್ಲಿ ಅಜ್ಜಿ ಅದನ್ನು ಹಿಡಿದುಬಿಟ್ಟಿದ್ದರು. ಎಡಗೈಯಲ್ಲಿ.

ಆ ಕೈಯನ್ನು ನಾನೂ ನೋಡಿದೆ, ಅವರೂ ನೋಡಿಕೊಂಡರು. ಮೊಮ್ಮಗಳನ್ನು ನೀರು ತರಲು ಒಳಗೆ ಕಳಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು:

"ಮದಿವ್ಯಾದ ಹೊಸದಾಗಿ ಮಾವಗ ಎಡಗೈಲೆ ರೊಟ್ಟಿ ನೀಡಿದ್ನಿರಿ ಅಕ್ಕಾರ. ತಾಟು ಸರಿಸಿ ಎದ್ದು ಹೋದ್ರು. ಬೈಲಿಲ್ಲ, ಬಡೀಲಿಲ್ಲ. ಆ ತಾಟು ಇನ್ನೂ ನನ್ನ ಕಣ್ಣಾಗ ಐತ್ರಿ. ಈಕಿ ಮುಂದೂ ಯಾರರ ಹಂಗ ತಾಟು ಸರಿಸಿದ್ರ ನಾ ಹೆಂಗ ತಡಕೊಳ್ಳಲಿ?"

ನಮ್ಮ ವಿದ್ಯೆಯಲ್ಲಿ ಇದಕ್ಕೆ ಸಾಮಾಜಿಕ ಒತ್ತಡ ಎಂಬ ಹೆಸರಿದೆ. ಆ ಕಟ್ಟೆಯ ಮೇಲೆ ಕೂತು ನೋಡಿದರೆ ಅದು ಬರೀ ಪ್ರೀತಿ. ಸಿಟ್ಟು ಕಟ್ಟಿಕೊಂಡು ಬಂದಿದ್ದ ನಾನು ಯಾರ ಮೇಲೆ ಸಿಟ್ಟಾಗಲಿ? ಎಡಗೈಯನ್ನು ಅದರ ಪಾಡಿಗೆ ಬಿಟ್ಟರೆ ಹುಡುಗಿ ಬರೆಯುತ್ತಾಳೆ, ಇಲ್ಲದಿದ್ದರೆ ತಾನು ದಡ್ಡಿ ಎಂದುಕೊಂಡೇ ಬೆಳೆಯುತ್ತಾಳೆ ಎಂದಷ್ಟೇ ಹೇಳಿದೆ. ಅವರು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ದಸರೆಗೆ ಬನ್ನಿ ತಗೊಳ್ಳಲು ಬರಬೇಕೆಂದು ಕರೆದರು.

ಹೋದೆ. ಆ ಸಂಜೆ ಕಟ್ಟೆಯ ತುಂಬ ಓಣಿಯ ಹಿರಿಯರು ಕೂತಿದ್ದರು. ಮಕ್ಕಳು ಒಬ್ಬೊಬ್ಬರಿಗೂ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಿದ್ದವು. ನಮ್ಮ ಹುಡುಗಿ ಮೊದಲು ಅಜ್ಜಿಯ ಹತ್ತಿರವೇ ಓಡಿಬಂದಳು. ಖುಷಿಯಲ್ಲಿ ಮರೆತು ಎಡಗೈಯಲ್ಲಿ ಎಲೆ ಚಾಚಿದಳು. ಅರ್ಧದಲ್ಲಿ ನೆನಪಾಗಿ ಮುಖ ಸಣ್ಣದಾಯಿತು. ಹಿರಿಯರಿಗೆ ಎಡಗೈಲಿ ಬನ್ನಿ ಕೊಡುವುದೇ? ಕೂತವರೆಲ್ಲ ಇತ್ತಲೇ ತಿರುಗಿದರು. ಅವಳು ಎಲೆಯನ್ನು ಬಲಗೈಗೆ ಬದಲಿಸಹೊರಟಳು.

"ಇರ್ಲಿ ನನ್ನವ್ವಾ, ಆ ಕೈಲೇನ ಕೊಡು," ಎಂದರು ಅಜ್ಜಿ. ಓಣಿಯವರೆಲ್ಲ ನೋಡುತ್ತಿದ್ದಂತೆ ತಮ್ಮ ಎಡಗೈ ಚಾಚಿದರು. "ನಂದೂ ಇದೇ ಕೈ."

ಹುಡುಗಿ ಆ ಕೈಯಲ್ಲಿ ಎಲೆ ಇಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದಳು. ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ಅಜ್ಜಿ ಅತ್ತ ತಿರುಗಿಯೂ ನೋಡಲಿಲ್ಲ.

ಆಮೇಲೆ ಹುಡುಗಿ ನನ್ನ ಮುಂದೆ ಬಂದು ನಿಂತಳು. ಹುಟ್ಟಿದಾಗಿನಿಂದ ನನ್ನದು ಬಲಗೈ. ಆದರೂ ಎಡಗೈ ಚಾಚಿದೆ. ಬಲಗೈ ಕಣ್ಣೊರೆಸಿಕೊಳ್ಳಲು ಬೇಕಾಗಿತ್ತು.